ನನ್ನ 1994ರ ಮಿಯಾಟಾಗೆ ಹೊಸ ಸೈಲೆನ್ಸರ್: ಸದ್ದು ಎಷ್ಟು, ಶಕ್ತಿ ಎಷ್ಟು

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಕೆಲಸ ಶುರು ಮಾಡುವ ಮುಂಚೆ ನನ್ನ ಮಜ್ದಾ ಮಿಯಾಟಾ (ಟಾಪ್ ತೆಗೆಯಬಹುದಾದ, ಎರಡು ಸೀಟಿನ ಪುಟ್ಟ ಕಾರು) ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಚಕ್ರದಲ್ಲಿ 102 ಎಚ್‌ಪಿ ತೋರಿಸಿತ್ತು. ಎಲ್ಲ ಮುಗಿದ ಮೇಲೆ 108. ಎರಡು ಬೇಸಿಗೆಯ ಶನಿವಾರ, ಭಾನುವಾರಗಳೆಲ್ಲ ಇದಕ್ಕೇ ಹೋದವು. ಆರು ಎಚ್‌ಪಿಗೆ ಇಷ್ಟೆಲ್ಲ ಬೇಕಿತ್ತಾ ಅಂತ ಸ್ನೇಹಿತರು ಕೇಳುತ್ತಾರೆ. ನನಗೆ ಬೇಕಿತ್ತು. ಒಂದು ಟನ್ನಿನಷ್ಟು ತೂಕದ ಗಾಡಿಯಲ್ಲಿ ಆರು ಎಚ್‌ಪಿ ಕಾಲಿಗೆ ಗೊತ್ತಾಗುತ್ತದೆ. ಆದರೆ ಸೈಲೆನ್ಸರ್ ಬದಲಾಯಿಸಿದರೆ 20, 30 ಎಚ್‌ಪಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾನಿರುವುದು ಮಿಷಿಗನ್‌ನ ಆನ್ ಆರ್ಬರ್ ಹತ್ತಿರ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಅಪ್ಪನ ಯೆಜ್ಡಿ ಪಕ್ಕದಲ್ಲಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಆಗಾಗ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಎಳೆದು, ಕರಿ ಸುಟ್ಟು, ಕೆರೆದು ಹಾಕುವುದು ಮನೆಯ ಕೆಲಸ. ಕರಿ ಕಟ್ಟಿಕೊಂಡಾಗ ಚಾಮುಂಡಿ ಬೆಟ್ಟ ಹತ್ತಲು ಒದ್ದಾಡುತ್ತಿದ್ದ ಗಾಡಿ, ತೆಗೆದ ಮೇಲೆ ಸಲೀಸಾಗಿ ಹತ್ತುತ್ತಿತ್ತು. ಎಂಜಿನ್ ಉಸಿರು ಬಿಡುವುದು ಎಷ್ಟು ಮುಖ್ಯ ಅಂತ ನನಗೆ ಅಲ್ಲೇ ಅರ್ಥವಾಗಿದ್ದು.

ಮಿಯಾಟಾ 1989ರಲ್ಲಿ ಬಂದ ಗಾಡಿ. 1994ರಲ್ಲಿ 1.6 ಲೀಟರ್ ಎಂಜಿನ್ ಹೋಗಿ 1.8 ಲೀಟರ್ ಬಂತು. ಕಂಪನಿ ಹೇಳುವ ಶಕ್ತಿ 128 ಎಚ್‌ಪಿ. ಅದು ಎಂಜಿನ್ನಿನಲ್ಲಿ ಅಳೆದದ್ದು. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ಒಂದಿಷ್ಟು ಕಳೆದುಹೋಗುತ್ತದೆ. ಇನ್ನೊಂದು ವಿಷಯ ತಿಳಿದಿರಬೇಕು. ಈ ಗಾಡಿಗೆ ಕಂಪನಿಯೇ ಪೈಪುಗಳ ಸ್ಟೇನ್‌ಲೆಸ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಭಾಗ) ಕೊಟ್ಟಿದೆ. ಆ ಕಾಲದ ಎಷ್ಟೋ ಗಾಡಿಗಳಲ್ಲಿದ್ದ ಬೀಡು ಕಬ್ಬಿಣದ ಮುದ್ದೆಯಲ್ಲ. ಅದಕ್ಕೇ ಇಲ್ಲಿ ಹೊಸದಾಗಿ ಗಿಟ್ಟುವುದು ಕಡಿಮೆ.

ಮೊದಲು ಕೈ ಹಾಕಿದ್ದು ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ಚಿಕ್ಕದಾಗಿ ಕ್ಯಾಟ್) ಹಿಂದಕ್ಕಿರುವ ಭಾಗಕ್ಕೆ. ಕ್ಯಾಟ್ ಮುಟ್ಟಲಿಲ್ಲ. ಮಿಷಿಗನ್‌ನಲ್ಲಿ ಹೊಗೆ ತಪಾಸಣೆ ಇಲ್ಲ ನಿಜ. ಆದರೆ ಕ್ಯಾಟ್ ಕಿತ್ತುಹಾಕುವುದು ಅಮೆರಿಕದ ಕೇಂದ್ರ ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಟಾಪ್ ತೆಗೆದು ಓಡಿಸುವ ಗಾಡಿ ಇದು, ಆ ಹೊಗೆ ಸುತ್ತಿ ಬಂದು ನಮ್ಮ ಮೂಗಿಗೇ ಬಡಿಯುತ್ತದೆ.

ಪೈಪಿನ ಅಳತೆಯ ಬಗ್ಗೆ ತುಂಬ ಓದಿದೆ. ದೊಡ್ಡದಾದಷ್ಟೂ ಒಳ್ಳೆಯದು ಅನ್ನುವವರು ಒಂದು ಕಡೆ, ಬ್ಯಾಕ್ ಪ್ರೆಶರ್ (ಹೊಗೆಗೆ ಪೈಪು ಒಡ್ಡುವ ತಡೆ) ಬೇಕೇ ಬೇಕು ಅನ್ನುವವರು ಇನ್ನೊಂದು ಕಡೆ. ಎರಡೂ ತಪ್ಪು. ಎಂಜಿನ್ನಿಗೆ ಬೇಕಾದದ್ದು ತಡೆ ಅಲ್ಲ, ಹೊಗೆಯ ವೇಗ. ಒಂದು ಸಿಲಿಂಡರಿನ ಹೊಗೆ ಜೋರಾಗಿ ಹೋಗುವಾಗ ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಾಗಿ, ಮುಂದಿನ ಸಿಲಿಂಡರಿನ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಪೈಪು ತೀರಾ ದೊಡ್ಡದಾದರೆ ಹೊಗೆ ನಿಧಾನವಾಗಿ ಆ ಎಳೆತ ಹೋಗುತ್ತದೆ. ಟರ್ಬೊ ಇಲ್ಲದ 1.8 ಲೀಟರಿಗೆ 3 ಇಂಚು ಜಾಸ್ತಿಯಾಯಿತು. ನಾನು ಎರಡೂವರೆ ಇಂಚಿಗೆ ನಿಂತೆ.

ಪೈಪು ಬಗ್ಗಿಸಿರುವ ರೀತಿ ಅಳತೆಯಷ್ಟೇ ಮುಖ್ಯ. ಊರಿನ ಒಂದು ಅಂಗಡಿಯಲ್ಲಿ ಒತ್ತಿ ಬಗ್ಗಿಸಿ ಕೊಟ್ಟ ಪೈಪು ತಿರುವಿನಲ್ಲಿ ಚಪ್ಪಟೆಯಾಗಿತ್ತು. ಅಳೆದರೆ ಎರಡು ಇಂಚೂ ಇಲ್ಲ. ವಾಪಸ್ ಕೊಟ್ಟು, ಮ್ಯಾಂಡ್ರೆಲ್ (ಪೈಪು ಚಪ್ಪಟೆಯಾಗದಂತೆ ಒಳಗಿಡುವ ಸಲಾಕೆ) ಹಾಕಿ ಬಗ್ಗಿಸಿದ ಪೈಪು ತರಿಸಿದೆ. ಲೋಹ 304 ಸ್ಟೇನ್‌ಲೆಸ್. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. 409 ಸ್ಟೇನ್‌ಲೆಸ್‌ಗೆ ಅದು ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ. 409 ಕೆಟ್ಟದ್ದೇನಲ್ಲ, ಮೇಲೆ ಬೇಗ ತುಕ್ಕು ಹತ್ತುತ್ತದೆ ಅಷ್ಟೆ.

ತುಕ್ಕಿನ ಕಷ್ಟ ಇಲ್ಲಿನವರಿಗೇ ಗೊತ್ತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಂದಿನ ಮಾಲೀಕರು ಆ ಉಪ್ಪಿನಲ್ಲೇ ಗಾಡಿ ಓಡಿಸಿದ್ದರು. ಕ್ಯಾಟ್ ಹಿಂದಿನ ಫ್ಲ್ಯಾಂಜಿನ (ಎರಡು ಪೈಪು ಸೇರಿಸುವ ಬಿಲ್ಲೆ) ನಟ್ಟುಗಳು ನಟ್ಟಿನ ಆಕಾರದಲ್ಲೇ ಇರಲಿಲ್ಲ. ಮೂರು ದಿನ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ನಾಲ್ಕನೇ ದಿನ ಅವಸರ ಮಾಡಿದೆ. ಸ್ಪ್ಯಾನರ್ ಸ್ವಲ್ಪ ತಿರುಗಿತು, ಕೈಗೆ ಮೆತ್ತಗೆ ಅನ್ನಿಸಿತು, ಬಿಟ್ಟುಕೊಂಡಿತು ಅಂದುಕೊಂಡೆ. ತಿರುಗಿದ್ದು ನಟ್ಟಲ್ಲ, ನಟ್ಟು ಕೂತಿರುವ ಸ್ಟಡ್ಡೇ (ತಲೆಯಿಲ್ಲದ ಬೋಲ್ಟು) ತಿರುಚಿಕೊಂಡು ಮುರಿಯುತ್ತಿತ್ತು. ಆ ಮೆತ್ತನೆಯ ಅನುಭವ ಬಂದ ತಕ್ಷಣ ನಿಲ್ಲಿಸಿ. ಅರ್ಧ ಸುತ್ತು ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಪೂರ್ತಿ ಒರೆಸಿ, ಬೆಂಕಿಯ ಟಾರ್ಚಿನಿಂದ ನಟ್ಟು ಮಾತ್ರ ಕೆಂಪಗಾಗುವಂತೆ ಕಾಯಿಸಿ, ಆಮೇಲೆ ಬಿಚ್ಚಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಸಾಕೆಟ್ ಆರು ಮೂಲೆಯದೇ ಇರಲಿ, ಹನ್ನೆರಡು ಮೂಲೆಯದು ಹಾಕಿದರೆ ನಟ್ಟು ಉರುಟಾಗುತ್ತದೆ. ಗಾಡಿ ಸ್ಟ್ಯಾಂಡ್ ಮೇಲೆ ಕೂತಿರಬೇಕು. ಬರೀ ಜ್ಯಾಕ್ ನಂಬಿ ಯಾವತ್ತೂ ಕೆಳಗೆ ನುಗ್ಗಬೇಡಿ.

ಹೊಸ ಸೈಲೆನ್ಸರ್ ಹಾಕಿ ಹ್ಯೂರನ್ ನದಿ ದಂಡೆಯ ರಸ್ತೆಯಲ್ಲಿ ಓಡಿಸಿದಾಗ ಮೈ ಜುಮ್ ಅಂದಿತು. 5000 ಆರ್‌ಪಿಎಂ ದಾಟಿದ ಮೇಲೆ ಅದರ ಕೂಗು ಕೇಳಬೇಕು! ಆದರೆ ಹೈವೇಗೆ ಹೋದಾಗ ಬೇರೆಯೇ ಕಥೆ. ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ಸುಮಾರು 3200 ಆರ್‌ಪಿಎಂ. ನಾಲ್ಕು ಸಿಲಿಂಡರ್ ಅಂದರೆ ಒಂದು ಸುತ್ತಿಗೆ ಎರಡು ಸಿಡಿತ, ಸೆಕೆಂಡಿಗೆ 107. ಸರಿಯಾಗಿ ಅಲ್ಲೇ ತಲೆಯೊಳಗೆ ಗುಂಯ್ ಅನ್ನುವ ಸದ್ದು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ರೀ, ನೀವು ಹೇಳ್ತಿರೋದು ಒಂದೂ ಕೇಳಿಸ್ತಿಲ್ಲ" ಅಂದಳು. ದುಡ್ಡು ಉಳಿಸಲು ನಾನು ಮಧ್ಯದ ಪೈಪು ರೆಸೊನೇಟರ್ (ಗುಂಯ್ ಸದ್ದು ತಗ್ಗಿಸುವ ಡಬ್ಬಿ) ಇಲ್ಲದ್ದು ತಗೊಂಡಿದ್ದೆ. ಮುಂದಿನ ತಿಂಗಳು ರೆಸೊನೇಟರ್ ಇರುವ ಪೈಪು ಹಾಕಿದೆ. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಮಾತಾಡಬಹುದು. ಡೈನೊ ಮೇಲೆ ಒಂದು ಎಚ್‌ಪಿಯೂ ಕಡಿಮೆಯಾಗಲಿಲ್ಲ.

ಈ ಭಾಗದಿಂದ ಸಿಕ್ಕಿದ್ದು ಎರಡು ಎಚ್‌ಪಿ. ಜೊತೆಗೆ ಗಾಡಿಯ ಬಾಲದಲ್ಲಿ ಐದು ಕೆಜಿಗೂ ಜಾಸ್ತಿ ತೂಕ ಇಳಿಯಿತು.

ಮುಂದಿನ ಬೇಸಿಗೆಗೆ ಹೆಡರ್, ಅಂದರೆ ಕಂಪನಿ ಮ್ಯಾನಿಫೋಲ್ಡ್ ಬದಲಿಗೆ ಹಾಕುವ ಪೈಪುಗಳ ಗೊಂಚಲು. 4-2-1 ಮಾದರಿ ಆರಿಸಿದೆ: ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗಿ ಸೇರುತ್ತವೆ. ಈ ಎಂಜಿನ್ 1-3-4-2 ಕ್ರಮದಲ್ಲಿ ಸಿಡಿಯುತ್ತದೆ. 1 ಮತ್ತು 4ರ ಪೈಪು ಒಂದು ಜೋಡಿ, 2 ಮತ್ತು 3 ಇನ್ನೊಂದು. ಹೀಗೆ ಸೇರಿಸಿದರೆ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಊರೊಳಗೆ ಓಡಿಸುವ ಮಧ್ಯದ ಆರ್‌ಪಿಎಂನಲ್ಲೂ ಲಾಭ ಸಿಗುತ್ತದೆ. ಮೊದಲು ತಂದ ಅಗ್ಗದ ಹೆಡರ್ ಎರಡೇ ತಿಂಗಳಲ್ಲಿ ವೆಲ್ಡಿಂಗ್ ಪಕ್ಕದಲ್ಲಿ ಬಿರುಕು ಬಿಟ್ಟಿತು. ಎರಡನೆಯದು ಗಟ್ಟಿ ಇದೆ. ಶಾಖ ತಡೆಯುವ ಪಟ್ಟಿ ಸುತ್ತಲಿಲ್ಲ. ಅದು ನೀರು ಹಿಡಿದಿಟ್ಟುಕೊಂಡು ಪೈಪನ್ನು ಒಳಗಿಂದೊಳಗೇ ತಿನ್ನುತ್ತದೆ.

ಹೆಡರ್ ಹಾಕಿದ ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಬಿಸಿಯಾದ ಮೇಲೆ ಮಾಯ. ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) ಹತ್ತಿರ ಲೀಕು ಅಂತ ಅನುಮಾನ ಬಂತು. ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಆಕ್ಸಿಜನ್ ಸೆನ್ಸರಿಗಿಂತ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸಾಧನ) ಮುಂಚೆ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿಕೊಳ್ಳುತ್ತದೆ. ಪೆಟ್ರೋಲ್ ಸಾಲದು ಅಂತ ಕಂಪ್ಯೂಟರ್ ತಿಳಿದು ಜಾಸ್ತಿ ಸುರಿಯುತ್ತದೆ. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಹಿಂದೆ ಪೈಪಿಗೆ ದಪ್ಪ ಬಟ್ಟೆ ಅಡ್ಡ ಹಿಡಿಸು ಕಣೋ. ಎಲ್ಲಿ ಬುಸ್ ಅನ್ನುತ್ತೋ ಅಲ್ಲೇ ಲೀಕು" ಅಂದರು. ಹೆಂಡತಿ ಕೈಗವಸು ಹಾಕಿ ಒಂದೆರಡು ಸೆಕೆಂಡು ಬಟ್ಟೆ ಹಿಡಿದಳು. ನಾನು ಬಾನೆಟ್ ಹತ್ತಿರ ಕಿವಿಗೆ ರಬ್ಬರ್ ಕೊಳವೆ ಇಟ್ಟುಕೊಂಡೆ. ನಾಲ್ಕನೇ ಪೋರ್ಟಿನ (ಹೊಗೆ ಹೊರಬರುವ ಕಂಡಿ) ಕೆಳಗೆ ಬುಸ್. ಎಂಜಿನ್ ತಣ್ಣಗಾದ ಮೇಲೆ ಎಲ್ಲ ನಟ್ಟು ಸಡಿಲ ಮಾಡಿ, ಮಧ್ಯದಿಂದ ಎರಡೂ ಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದೆ. ಸದ್ದು ನಿಂತಿತು. ಹೆಡರಿನಿಂದ ಇನ್ನು ಮೂರು ಎಚ್‌ಪಿ.

ಕೊನೆಯ ಕೆಲಸಕ್ಕೆ ಖರ್ಚೇ ಇಲ್ಲ. ಕಂಪನಿಯ ಇಗ್ನಿಷನ್ ಟೈಮಿಂಗ್ (ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಮುಂಚೆ ಕಿಡಿ ಹಾರಬೇಕು ಅನ್ನುವ ಲೆಕ್ಕ) 10 ಡಿಗ್ರಿ. ಡಯಾಗ್ನೋಸ್ಟಿಕ್ ಡಬ್ಬಿಯಲ್ಲಿ ಟಿಇಎನ್, ಜಿಎನ್‌ಡಿ ಅನ್ನುವ ಎರಡು ತೂತುಗಳನ್ನು ತಂತಿಯಿಂದ ಸೇರಿಸಿ, ಎಂಜಿನ್ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರ್ ಸಡಿಲ ಮಾಡಿ, ಟೈಮಿಂಗ್ ಲೈಟ್ ಹಿಡಿದು 14ಕ್ಕೆ ತಂದೆ. ಡೈನೊದಲ್ಲಿ ಇದು ಕೊಟ್ಟಿದ್ದು ಒಂದೇ ಎಚ್‌ಪಿ, ಆದರೆ 3000 ಆರ್‌ಪಿಎಂ ಸುತ್ತಮುತ್ತ ಗಾಡಿ ಚುರುಕಾಗಿದೆ. ಈ ಎಂಜಿನ್ನಿನಲ್ಲಿ ನಾಕ್ (ಪೆಟ್ರೋಲ್ ಅಕಾಲದಲ್ಲಿ ಸಿಡಿದು ಬರುವ ಟಕಟಕ ಸದ್ದು) ಹಿಡಿಯುವ ಸೆನ್ಸರ್ ಇಲ್ಲ. ಅದಕ್ಕೇ ಈಗ ಪ್ರೀಮಿಯಂ ಪೆಟ್ರೋಲ್ ಬಿಟ್ಟು ಬೇರೆ ಹಾಕುವುದಿಲ್ಲ, ಏರಿನಲ್ಲಿ ರೇಡಿಯೊ ಆಫ್ ಮಾಡಿ ಕೇಳುತ್ತೇನೆ.

ಉಪ್ಪು ಬೀಳುವ ಮುಂಚೆ ಗಾಡಿ ಗ್ಯಾರೇಜ್ ಸೇರಬೇಕು. ಅದಕ್ಕೆ ಮೊದಲು ಇನ್ನೊಂದು ಸಲ ಕೆಳಗೆ ನುಗ್ಗಿ ಹೆಡರಿನ ನಟ್ಟುಗಳನ್ನೆಲ್ಲ ನೋಡಬೇಕು.