ಫಾರ್ಮ್‌ನಲ್ಲಿ ಖಾಲಿ ಉಳಿದ ಆ ಒಂದು ಸಾಲು

ನಾನು ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸೈಲೋಸಿಬಿನ್ ಫೆಸಿಲಿಟೇಟರ್. ಸೈಲೋಸಿಬಿನ್ ಅಂದರೆ ಕೆಲವು ಅಣಬೆಗಳಲ್ಲಿ ಇರುವ, ಕೆಲವು ಗಂಟೆ ಮನಸ್ಸಿನ ಅನುಭವವನ್ನೇ ಬದಲಿಸುವ ಪದಾರ್ಥ. ಲೈಸೆನ್ಸ್ ಇರುವ ಕೇಂದ್ರಕ್ಕೆ ಬಂದು ಈ ಅಣಬೆ ತೆಗೆದುಕೊಳ್ಳುವವರ ಪಕ್ಕದಲ್ಲಿ ಐದಾರು ಗಂಟೆ ಕೂರುವುದು ನನ್ನ ಕೆಲಸ. 2020ರಲ್ಲಿ ಜನ ವೋಟು ಹಾಕಿ ಒಪ್ಪಿಗೆ ಕೊಟ್ಟರು, 2023ರಲ್ಲಿ ಕೇಂದ್ರಗಳು ತೆರೆದವು. ಡಾಕ್ಟರ್ ಚೀಟಿ ಬೇಡ, 21 ವರ್ಷ ತುಂಬಿರಬೇಕು. ಕೇಳಿದರೆ ಎಲ್ಲರಿಗೂ ಬಾಗಿಲು ತೆರೆದ ಹಾಗೇ ಇದೆ, ಅಲ್ವಾ? ಆದರೆ ಮೊದಲ ಆರು ತಿಂಗಳು ನನ್ನ ಹತ್ತಿರ ಬಂದವರು ಹೆಚ್ಚುಕಡಿಮೆ ಒಂದೇ ತರದವರು. ಬಿಳಿಯರು, ಕೈಯಲ್ಲಿ ನಾಲ್ಕು ಕಾಸಿದ್ದವರು, ವಾರದ ನಡುವೆ ರಜೆ ಹಾಕಲು ಆಗುವವರು.

ದುಡ್ಡೇ ಕಾರಣ ಅಂದುಕೊಂಡೆ. ಅದು ಸುಳ್ಳೂ ಅಲ್ಲ. ನಾನು ಶುರು ಮಾಡಿದಾಗ ಕೇಂದ್ರದ ಲೈಸೆನ್ಸ್ ಶುಲ್ಕ ವರ್ಷಕ್ಕೆ 10,000 ಡಾಲರ್, ನನ್ನದು 2,000. ಇನ್ಶೂರೆನ್ಸ್‌ನವರು ಕೊಡುವುದಿಲ್ಲ, ಎಲ್ಲ ಕೊನೆಗೆ ಬಂದವರ ತಲೆ ಮೇಲೇ ಬೀಳುತ್ತದೆ. ಹಾಗಾಗಿ ಗುಂಪಿನ ಸೆಷನ್ ಶುರು ಮಾಡಿದೆ, ಕೊಡಲು ಆಗುವವರಿಂದ ಸ್ವಲ್ಪ ಜಾಸ್ತಿ ತೆಗೆದುಕೊಂಡು ಆಗದವರಿಗೆ ಎರಡು ಜಾಗ ಉಚಿತ ಅಂತ ಇಟ್ಟೆ. ಆ ಎರಡೂ ಜಾಗ ತಿಂಗಳುಗಟ್ಟಲೆ ಖಾಲಿಯೇ ಉಳಿದವು.

ಯಾಕೆ ಅಂತ ತಿಳಿಸಿದವರು ಒಬ್ಬ ಆಫ್ರಿಕನ್ ಅಮೆರಿಕನ್ ಹಿರಿಯರು. ವಿವರಣೆ ಎಲ್ಲ ಕೇಳಿ, "ಇದನ್ನ ನಮ್ಮವರ ಮೇಲೆ ಒಂದು ಸಲ ಮಾಡಿ ಮುಗಿಸಿದ್ದಾರಲ್ಲ" ಅಂದರು. ಅವರು ಹೇಳಿದ್ದು ಕೆಂಟಕಿಯ ಲೆಕ್ಸಿಂಗ್ಟನ್ ಬಗ್ಗೆ. 1950ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಚಟ ಬಿಡಿಸಲು ಇಟ್ಟಿದ್ದ ಕೈದಿಗಳಿಗೆ, ಅದರಲ್ಲೂ ಕಪ್ಪು ಜನರಿಗೆ, ಇದೇ ತರ ಮನಸ್ಸಿನ ಮೇಲೆ ಕೆಲಸ ಮಾಡುವ ಎಲ್‌ಎಸ್‌ಡಿ ಕೊಟ್ಟರು. ಕೆಲವರಿಗೆ 77 ದಿನ ಬಿಡದೆ. ಅದಕ್ಕೆ ಕೂಲಿ ಅಂತ ಸಿಗುತ್ತಿದ್ದದ್ದು ಯಾವ ಮಾದಕ ವಸ್ತು ಬಿಡಲು ಬಂದಿದ್ದರೋ ಅದೇ. ಇನ್ನು 1993ರಿಂದ 2017ರವರೆಗೆ ಇಂಥ ಪದಾರ್ಥಗಳಿಂದ ಮಾಡಿದ ಚಿಕಿತ್ಸೆಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಲೆಕ್ಕ ಹಾಕಿದಾಗ, ಭಾಗವಹಿಸಿದ 282 ಜನರಲ್ಲಿ ಸುಮಾರು 82% ಬಿಳಿಯರು. ಇಷ್ಟಾದ ಮೇಲೆ "ಅವರಿಗೆ ಅರಿವು ಕಡಿಮೆ, ತಿಳಿಸಿ ಹೇಳಬೇಕು" ಅನ್ನುವುದಕ್ಕೆ ನನಗೆ ಯಾವ ಮುಖ ಇದೆ? ಆವತ್ತಿನಿಂದ ಮೊದಲ ಭೇಟಿಯಲ್ಲಿ ನಾನು ಮಾತಾಡುವುದನ್ನೇ ಕಡಿಮೆ ಮಾಡಿದೆ. ಏನು ಬರೆದುಕೊಳ್ಳುತ್ತೇನೆ, ಅದನ್ನು ಯಾರು ನೋಡುತ್ತಾರೆ, ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಮೆಕ್ಸಿಕೋ ಮೂಲದ ಒಬ್ಬರು ಇನ್ನೂ ನೇರ. "ನಮ್ಮ ಅಜ್ಜಿಯರ ಅಣಬೆಗೆ ನಿಮಗೆ ಲೈಸೆನ್ಸ್ ಕೊಟ್ಟವರು ಯಾರು?" ನನ್ನಲ್ಲಿ ಉತ್ತರ ಇರಲಿಲ್ಲ. ಮೆಕ್ಸಿಕೋದ ಓಹಾಕಾ ರಾಜ್ಯದ ಹುವಾಟ್ಲಾ ಊರಲ್ಲಿ ಮರಿಯಾ ಸಬೀನಾ ಅನ್ನುವ, ಮಸಟೆಕ್ ಮೂಲನಿವಾಸಿ ಜನಾಂಗದ ಹಿರಿಯಾಕೆ ಹೊರಗಿನವರನ್ನು ಈ ಅಣಬೆಯ ರಾತ್ರಿಯ ಪೂಜೆಗೆ ಬಿಟ್ಟುಕೊಂಡರು, 1957ರಲ್ಲಿ ಅದು ಅಮೆರಿಕದ ಪತ್ರಿಕೆಯಲ್ಲಿ ಬಂತು, ಜನ ನುಗ್ಗಿದರು, ಊರವರು ಆಕೆಯನ್ನೇ ದೂರಿದರು, ಮನೆಗೂ ಬೆಂಕಿ ಬಿತ್ತು. ನಮ್ಮ ಕೇಂದ್ರದ ಗೋಡೆಯ ಮೇಲೆ ಆಕೆಯ ಫೋಟೋ ಇತ್ತು. ತೆಗೆಸಿದೆ. ಅಲಂಕಾರಕ್ಕೆ ಅಂತ ತೂಗುಹಾಕಲು ನನಗೆ ಮನಸ್ಸು ಒಪ್ಪಲಿಲ್ಲ.

ನಾನೇ ಮಾಡಿದ ದೊಡ್ಡ ತಪ್ಪು ಹಾಡಿನದು. ಸಲಿಂಗಿ ಅನ್ನುವ ಕಾರಣಕ್ಕೆ ಚರ್ಚಿನಿಂದ ಹೊರಗೆ ಹಾಕಿಸಿಕೊಂಡ ಯುವಕ, ಕಣ್ಣುಪಟ್ಟಿ ಕಟ್ಟಿಕೊಂಡು ಮಲಗಿದ್ದ. ಎರಡನೇ ಗಂಟೆ. ನಾನು ಯಾವಾಗಲೂ ಹಾಕುವ ಪ್ಲೇಲಿಸ್ಟ್‌ನಲ್ಲಿ ಚರ್ಚಿನ ಮೇಳಗಾನ ಶುರುವಾಯಿತು. ಅವನ ಕೈಬೆರಳು ಹೊದಿಕೆಯ ಅಂಚನ್ನು ಹಿಡಿದುಕೊಂಡವು, ಗಂಟು ಬೆಳ್ಳಗಾಗುವಷ್ಟು. ನಾನೋ, ಏನೋ ಒಳಗಿನದು ಹೊರಬರುತ್ತಿದೆ ಅಂದುಕೊಂಡು ಸುಮ್ನೆ ಕೂತೆ. ನಾಲ್ಕು ನಿಮಿಷ. ಕೊನೆಗೆ ಅವನೇ ಪಟ್ಟಿ ಕಿತ್ತು "ಅದನ್ನ ನಿಲ್ಲಿಸಿ" ಅಂದ. ಈಗ ತಯಾರಿಯ ಭೇಟಿಯಲ್ಲೇ ಕೂತು ಅವರ ಜೊತೆಗೇ ಹಾಡು ಆರಿಸುತ್ತೇನೆ. ಕಣ್ಣುಪಟ್ಟಿ ಬೇಡ ಅಂದರೆ ಬೇಡ, ಬಾಗಿಲ ಕಡೆ ಮುಖ ಮಾಡಿ ಮಲಗುತ್ತೇನೆ ಅಂದರೆ ಹಾಸಿಗೆ ತಿರುಗಿಸುತ್ತೇನೆ. ಮುಟ್ಟುವುದಕ್ಕೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಬೇಕು ಅಂತ ನಿಯಮವೇ ಇದೆ, ಅದು ಒಳ್ಳೆಯ ನಿಯಮ.

ಇಲ್ಲ ಅನ್ನುವುದೂ ಈ ಕೆಲಸದ ಭಾಗ. ಆಮೇಲೆ ಉಚಿತ ಜಾಗ ಕೇಳಿಕೊಂಡು ಬಂದ ಒಬ್ಬರು ಲಿಥಿಯಂ ಅನ್ನುವ, ಮನಸ್ಸಿನ ಏರಿಳಿತಕ್ಕೆ ಕೊಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕಳೆದ 30 ದಿನದಲ್ಲಿ ಲಿಥಿಯಂ ತೆಗೆದುಕೊಂಡಿದ್ದರೆ ಇಲ್ಲಿ ಬಿಡುವ ಹಾಗಿಲ್ಲ, ಫಿಟ್ಸ್ ಬರುವ ಅಪಾಯ ಇದೆ. "ಹಾಗಾದ್ರೆ ನಿಲ್ಲಿಸ್ತೀನಿ" ಅಂದರು. ಅದು ಇನ್ನೂ ಅಪಾಯ, ನಿಮ್ಮ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ ಅಂದೆ. ಬೈದುಕೊಂಡು ಹೋದರು. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದ ಹೆಂಗಸಿಗೆ, ಕೇಂದ್ರ ಸರ್ಕಾರದ ಕಾನೂನಿನಲ್ಲಿ ಇದು ಈಗಲೂ ನಿಷೇಧಿತ ಪದಾರ್ಥ, ಮೊದಲು ವಕೀಲರನ್ನು ನೋಡಿ ಅಂದೆ. ಆಕೆ ಮತ್ತೆ ಬರಲೇ ಇಲ್ಲ.

ಕೊನೆಗೆ ನನಗೆ ಜಾಸ್ತಿ ತಲೆ ಕೆಡಿಸಿದ್ದು ಒಂದು ಸಣ್ಣ ಸಾಲು. ಸೆಷನ್ ಆದ ಮೇಲೆ ಗಾಡಿ ಓಡಿಸುವಂತಿಲ್ಲ, ಹಾಗಾಗಿ ಮನೆಗೆ ಹೇಗೆ ಹೋಗುತ್ತೀರಿ ಅಂತ ಮೊದಲೇ ಬರೆಯಬೇಕು. ಹಳೆಯ ಗಿರಾಕಿಗಳು ಹೆಂಡತಿ, ಗೆಳೆಯ ಅಂತ ತಟ್ಟನೆ ಬರೆಯುತ್ತಿದ್ದರು. ಉಚಿತ ಜಾಗಕ್ಕೆ ಬಂದವರು ಅಲ್ಲಿಗೆ ಬಂದು ಪೆನ್ನು ನಿಲ್ಲಿಸುತ್ತಿದ್ದರು. ಒಬ್ಬಾಕೆ ನನ್ನ ಮುಖ ನೋಡಿ, "ಯಾರೂ ಇಲ್ಲ ಅಂತ ಬರೆದರೆ ಕ್ಯಾನ್ಸಲ್ ಮಾಡ್ತೀರಾ?" ಅಂದರು.

ಮೊದಲು ಸೆಷನ್ ಮಾಡಿಸಿಕೊಂಡಿದ್ದ ಆ ಚರ್ಚಿನ ಯುವಕನಿಗೆ ಫೋನ್ ಮಾಡಿ ಕೇಳಿದೆ. ಸಂಜೆ ಆರಕ್ಕೆ ಬಂದ, ಆಕೆಯ ಚೀಲ ಹಿಡಿದುಕೊಂಡು ಟ್ಯಾಕ್ಸಿಯವರೆಗೆ ನಡೆದ, ಪಕ್ಕದಲ್ಲಿ ಕೂತು ಮನೆ ಬಾಗಿಲವರೆಗೂ ಹೋದ. ಈಗ ಹಾಗೆ ಬರುವವರು ಏಳು ಜನ ಇದ್ದಾರೆ.