ಮೂವತ್ತು ಕ್ಲೋಕ್, ಏಳು ಗಿರಾಕಿಗಳು

ಐದನೇ ಲೆವೆಲ್‌ಗೆ ಬಂದ ದಿನವೇ ನಮ್ಮ ವಿಝರ್ಡ್, ಅಂದರೆ ಮಂತ್ರವಾದಿಯ ಪಾತ್ರ ಆಡುವ ಗೆಳೆಯ, ಮಾಂತ್ರಿಕ ವಸ್ತು ತಯಾರಿಸುವ ಫೀಟ್ (ವಿಶೇಷ ಕೌಶಲ) ತಗೊಂಡ. ಶನಿವಾರ ಸಂಜೆ, ಜಯನಗರದಲ್ಲಿ ಗೆಳೆಯನ ಮನೆಯ ಊಟದ ಮೇಜು, ನಾಲ್ಕು ಜನ ಆಟಗಾರರು, ಜಿಎಂ, ಅಂದರೆ ಆಟ ನಡೆಸುವವನಾಗಿ ನಾನು. ಆಡುತ್ತಿದ್ದದ್ದು ಪಾತ್‌ಫೈಂಡರ್ ಮೊದಲ ಆವೃತ್ತಿ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ, 2009ರಲ್ಲಿ ಬಂದದ್ದು. ಅದರ ನಿಯಮಗಳು ಮುಕ್ತ ಪರವಾನಗಿಯಲ್ಲಿ ಇದ್ದುದರಿಂದ ದುಬಾರಿ ಪುಸ್ತಕ ತರಿಸಿಕೊಳ್ಳದೆ ನಾವು ಶುರು ಮಾಡಲು ಆಯಿತು.

ಅವನು ಆರಿಸಿಕೊಂಡ ವಸ್ತು ಕ್ಲೋಕ್ ಆಫ್ ರೆಸಿಸ್ಟೆನ್ಸ್, ಪ್ಲಸ್ ಒನ್, ಹೆಗಲಿಗೆ ಹೊದೆಯುವ ಮಾಂತ್ರಿಕ ನಿಲುವಂಗಿ. ಹೊದ್ದುಕೊಂಡವರ ಎಲ್ಲ ಸೇವಿಂಗ್ ಥ್ರೋಗಳಿಗೂ, ಅಂದರೆ ಮಂತ್ರ, ವಿಷದಂಥವನ್ನು ತಡೆಯಲು ಉರುಳಿಸುವ ಡೈಸಿಗೆ, ಒಂದು ಸೇರುತ್ತದೆ, ಅಷ್ಟೇ. ಬೆಲೆ 1,000 ಚಿನ್ನದ ನಾಣ್ಯ. ತಯಾರಿಸಲು ಅರ್ಧ, ಅಂದರೆ 500 ನಾಣ್ಯದ ಸಾಮಗ್ರಿ ಮತ್ತು ಒಂದು ದಿನದ ಕೆಲಸ. ಸ್ಪೆಲ್‌ಕ್ರಾಫ್ಟ್ (ಮಂತ್ರವಿದ್ಯೆ) ಚೆಕ್ ಡಿಸಿ 10, ಅಂದರೆ ಡೈಸ್ ಮತ್ತು ಬೋನಸ್ ಸೇರಿ ಹತ್ತು ಮುಟ್ಟಿದರೆ ಗೆಲುವು. ಅವನ ಬೋನಸ್ಸೇ 12 ಇತ್ತು. ಸೋಲುವ ಮಾತೇ ಇಲ್ಲ.

ನಿಯಮದ ಪ್ರಕಾರ ಆಟಗಾರರು ವಸ್ತು ಮಾರಿದರೆ ಸಿಗುವುದು ಅರ್ಧ ಬೆಲೆ. 500 ಹಾಕಿ 500 ತಗೊಂಡರೆ ಲಾಭ ಸೊನ್ನೆ. ಇಲ್ಲೇ ಅವನು ಕೇಳಿದ: "ಲೋ, ನಾನೇ ಒಂದು ಅಂಗಡಿ ಇಟ್ಕೊಂಡ್ರೆ? ಅಂಗಡಿಯವನು ಸಾವಿರಕ್ಕೇ ತಾನೆ ಮಾರೋದು?"

ನ್ಯಾಯವಾದ ಪ್ರಶ್ನೆ ಅಂತ ಅನ್ನಿಸಿತು. ಆಯ್ತು ಅಂದುಬಿಟ್ಟೆ.

ಮೊದಲು ನಾಲ್ಕು ಕ್ಲೋಕ್. ಅವನ್ನು ಮಾರಿದ ಹಣದಲ್ಲಿ ಎಂಟು. ಆ ಹಣದಲ್ಲಿ ಹದಿನಾರು, ಮೇಲೆ ಇನ್ನೆರಡು. ತಿಂಗಳು ಮುಗಿಯುವಷ್ಟರಲ್ಲಿ ಮೂವತ್ತು ಕ್ಲೋಕ್, 15,000 ನಾಣ್ಯ ಲಾಭ. ಐದನೇ ಲೆವೆಲ್‌ನ ಒಬ್ಬ ಪಾತ್ರದ ಹತ್ತಿರ ಒಟ್ಟು ಆಸ್ತಿ 10,500 ನಾಣ್ಯದಷ್ಟು ಇರಬೇಕು ಅನ್ನುವುದು ಪುಸ್ತಕದ ಲೆಕ್ಕ. ಅದಕ್ಕಿಂತ ಜಾಸ್ತಿ ಹಣವನ್ನು ಅವನು ಊರು ಬಿಟ್ಟು ಕದಲದೆ ಹತ್ತು ನಿಮಿಷದಲ್ಲಿ ದುಡಿದಿದ್ದ. ಒಂದು ಗಾಬ್ಲಿನ್ ಕೂಡ ಸತ್ತಿರಲಿಲ್ಲ.

ಹಣ ಜಾಸ್ತಿ ಆಯ್ತು ಅನ್ನುವುದು ನನಗೆ ಅಷ್ಟು ಕಾಡಲಿಲ್ಲ. ಕಾಡಿದ್ದು ಫೈಟರ್ ಆಡುತ್ತಿದ್ದ ಗೆಳತಿ ಕೇಳಿದ ಮಾತು: "ಈ ಒಂದು ತಿಂಗಳು ನಾನೇನು ಮಾಡ್ಲಿ?" ಅವಳ ಪಾತ್ರದ ಹಾಳೆಯಲ್ಲಿ ಕತ್ತಿ ಇತ್ತು, ಗುರಾಣಿ ಇತ್ತು. ಆ ತಿಂಗಳಲ್ಲಿ ಅವಳು ಮಾಡಬಹುದಾದ ಕೆಲಸ ಒಂದೂ ಇರಲಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಮುಂದಿನ ವಾರ ನಾನು ಮಾಡಿದ್ದು ಎಲ್ಲರೂ ಮೊದಲು ಮಾಡುವ ಕೆಲಸ. ಇನ್ನು ಮೇಲೆ ವಸ್ತು ತಯಾರಿಸುವ ಹಾಗಿಲ್ಲ ಅಂತ ಹೇಳಿದೆ. ವಿಝರ್ಡ್ ಗೆಳೆಯ ಎದುರು ಮಾತಾಡಲಿಲ್ಲ. ಆ ಸಂಜೆಯೆಲ್ಲ ಕೈಯಲ್ಲಿ ಒಂದು ಡಿ20, ಅಂದರೆ ಇಪ್ಪತ್ತು ಮುಖದ ಡೈಸ್, ತಿರುಗಿಸುತ್ತಾ ಕೂತಿದ್ದ. ಅವನ ಸರದಿ ಬಂದಾಗ ಮಾತ್ರ ಅದನ್ನು ಉರುಳಿಸುತ್ತಿದ್ದ. ಅವನು ಆ ಫೀಟ್‌ಗಾಗಿ ಬೇರೆ ಒಂದನ್ನು ಬಿಟ್ಟಿದ್ದ. ಪುಸ್ತಕ ಕೊಟ್ಟ ದಾರಿಯಲ್ಲೇ ನಡೆದಿದ್ದ. ತಪ್ಪು ಅವನದಲ್ಲ. ಊರಲ್ಲಿ ಸಾವಿರ ನಾಣ್ಯ ಕೊಟ್ಟು ಕ್ಲೋಕ್ ಕೊಳ್ಳುವ ಮೂವತ್ತು ಜನರನ್ನು ಯೋಚಿಸದೆ ಸೃಷ್ಟಿಸಿದವನು ನಾನು.

ಆ ಮೂವತ್ತು ಜನ ಯಾರು? ಈ ಪ್ರಶ್ನೆ ಹಿಡಿದು ಕೂತಾಗ ದಾರಿ ಸಿಕ್ಕಿತು.

ಪಾತ್‌ಫೈಂಡರ್‌ನಲ್ಲಿ ಕೂಲಿಯವನ ದಿನಗೂಲಿ ಒಂದು ಬೆಳ್ಳಿ ನಾಣ್ಯ. ಹತ್ತು ಬೆಳ್ಳಿಗೆ ಒಂದು ಚಿನ್ನ. ಒಂದು ಕ್ಲೋಕ್ ಅಂದರೆ ಹತ್ತು ಸಾವಿರ ದಿನದ ಕೂಲಿ. ಊಟ ತಿಂಡಿಗೆ ಒಂದು ಕಾಸೂ ಖರ್ಚು ಮಾಡದೆ ಉಳಿಸಿದರೂ 27 ವರ್ಷ ಬೇಕು. ನನ್ನ ಊರಿನ ಜನಸಂಖ್ಯೆ 1,500. ಆಟದ ಲೆಕ್ಕದಲ್ಲಿ ಅದು ಸಣ್ಣ ಪಟ್ಟಣ. ಅಂಥ ಊರಲ್ಲಿ ಎಷ್ಟು ಬೆಲೆಯ ವಸ್ತುವಿನವರೆಗೆ ಸಲೀಸಾಗಿ ಸಿಗುತ್ತದೆ ಅನ್ನುವುದಕ್ಕೆ ಪುಸ್ತಕದಲ್ಲಿ ಒಂದು ಸಂಖ್ಯೆ ಇದೆ, 1,000. ಕ್ಲೋಕ್ ಸರಿಯಾಗಿ ಆ ಗಡಿಯಲ್ಲೇ ಕೂರುತ್ತದೆ. ಆದರೆ ಅದು ಬೆಲೆಗೆ ಹಾಕಿದ ಮಿತಿ. ತಲೆ ಎಣಿಸುವ ಕೆಲಸ ನನ್ನದಾಗಿತ್ತು.

ಒಂದು ಹಾಳೆ ತಗೊಂಡು ಬರೆದೆ. ಊರ ಒಡೆಯ. ಗುಡಿಯ ಮುಖ್ಯ ಅರ್ಚಕಿ. ಉಪ್ಪಿನ ದೊಡ್ಡ ವ್ಯಾಪಾರಿ. ಕಾವಲು ಪಡೆಯ ನಾಯಕ, ಅವನಿಗೂ ಹಣ ಕೊಡುವವನು ಒಡೆಯನೇ. ಬಡ್ಡಿಗೆ ಸಾಲ ಕೊಡುವ ಹೆಂಗಸು. ಬೆಟ್ಟದ ಮೇಲಿನ ಮುದಿ ವಿಝರ್ಡ್. ಆರಕ್ಕೆ ನನ್ನ ಊರು ಮುಗಿದುಹೋಯಿತು. ಏಳನೆಯವನಾಗಿ ಛತ್ರದಲ್ಲಿ ಇಳಿದುಕೊಂಡಿದ್ದ ಒಬ್ಬ ಪರಊರಿನವನನ್ನು ಸೇರಿಸಿದೆ.

ಗೆಳೆಯನಿಗೆ ಫೋನ್ ಮಾಡಿ ಹಾಳೆ ಓದಿ ಹೇಳಿದೆ. ನಿಷೇಧ ವಾಪಸ್ ತಗೋತೀನಿ, ಕಳೆದ ತಿಂಗಳನ್ನು ಅಳಿಸಿ ಮತ್ತೆ ಆಡೋಣ, ಆದರೆ ಗಿರಾಕಿಗಳು ಇಷ್ಟೇ ಅಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಅರ್ಚಕಿ ಹತ್ರ ಮೊದ್ಲು ಹೋಗ್ತೀನಿ" ಅಂದ. ಆ ಒಂದು ಮಾತಿಗೆ ನನ್ನ ಎದೆಯ ಭಾರ ಇಳಿಯಿತು. ಅವನು ಲಾಭದ ಲೆಕ್ಕ ಬಿಟ್ಟು ಊರಿನ ಜನರ ಬಗ್ಗೆ ಯೋಚಿಸಲು ಶುರು ಮಾಡಿದ್ದ.

ಈ ಸಲ ಅವನು ಎಂಟು ಕ್ಲೋಕ್ ತಯಾರಿಸಿದ. ಅಂಚಿಗೆ ನೀಲಿ ದಾರದ ಹೊಲಿಗೆ ಅಂತ ತಾನೇ ಸೇರಿಸಿದ. ಅರ್ಚಕಿ ಕೊಂಡಳು, ಜೊತೆಗೆ ಪಾಳುಬಿದ್ದ ಗುಡಿಯೊಂದರ ಸುದ್ದಿ ಕೊಟ್ಟಳು. ಉಪ್ಪಿನ ವ್ಯಾಪಾರಿ ಅರ್ಧ ಮುಂಗಡ ಕೊಟ್ಟು ಮಿಕ್ಕಿದ್ದಕ್ಕೆ ಹದಿನೈದು ದಿನ ಸತಾಯಿಸಿದ. ಒಡೆಯ ಕೊಂಡ ಮೇಲೆ, ಇಂಥದ್ದನ್ನು ಇನ್ನು ಯಾರಿಗೆ ಮಾರುತ್ತೀಯ ಅಂತ ತನಗೆ ಮೊದಲು ತಿಳಿಸಬೇಕು ಅಂದ. ಛತ್ರದವನು ಮಾತ್ರ ಚೌಕಾಸಿ ಮಾಡಲಿಲ್ಲ. ಹೆಸರೂ ಹೇಳಲಿಲ್ಲ. 1,200 ಎಣಿಸಿಟ್ಟ. ರೋಗ್ (ಕಳ್ಳನಂಥ ಚಾಲಾಕಿ ಪಾತ್ರ) ಆಡುವ ಗೆಳೆಯ "ಇವನು ಯಾಕೋ ಸರಿ ಇಲ್ಲ ಕಣೋ" ಅಂದ. ಒಡೆಯನಿಗೆ ತಿಳಿಸೋಣವಾ ಅನ್ನುವ ಮಾತೂ ಬಂತು. ಹಣ ನೋಡಿ ಎಲ್ಲರೂ ಸುಮ್ಮನಾದರು. ಎಂಟನೇ ಕ್ಲೋಕಿಗೆ ಗಿರಾಕಿ ಇರಲಿಲ್ಲ. ಅದನ್ನು ಫೈಟರ್ ಹೆಗಲಿಗೆ ಹಾಕಿದರು.

ಒಟ್ಟು ಲಾಭ 3,200. ಆಟ ಕೆಡಲಿಲ್ಲ.

ನಾಲ್ಕು ವಾರ ಆದ ಮೇಲೆ ಕಣಿವೆಯಲ್ಲಿ ದರೋಡೆಕೋರರ ಗುಂಪು ಎದುರಾಯಿತು. ನಾಯಕನ ಮೇಲೆ ವಿಝರ್ಡ್ ಹೋಲ್ಡ್ ಪರ್ಸನ್ ಮಂತ್ರ ಬಿಟ್ಟ, ಎದುರಾಳಿ ಅಲುಗಾಡದಂತೆ ಕಟ್ಟಿಹಾಕುವ ಮಂತ್ರ. ಡಿಸಿ 17, ನಾಯಕ ಅದನ್ನು ಮುಟ್ಟಿದರೆ ಮಂತ್ರ ತಗುಲುವುದಿಲ್ಲ. ಡೈಸನ್ನು ನಾನು ಎಲ್ಲರ ಕಣ್ಣೆದುರೇ ಉರುಳಿಸಿದೆ. ಹನ್ನೆರಡು ಬಿತ್ತು. ಅವನ ವಿಲ್ (ಮನೋಬಲ) ಬೋನಸ್ ನಾಲ್ಕು. ಹದಿನಾರು. ಒಂದು ಕಮ್ಮಿ. ಮೇಜಿನ ಸುತ್ತ ಕೂಗು ಎದ್ದೇಬಿಟ್ಟಿತು. ಆಗ ನಾನು ಹೇಳಿದೆ: ಅವನು ಒಂದು ಕ್ಲೋಕ್ ಹೊದ್ದಿದ್ದಾನೆ. ಅಂಚಿಗೆ ನೀಲಿ ದಾರದ ಹೊಲಿಗೆ ಇದೆ.

ಯಾರೂ ಮಾತಾಡಲಿಲ್ಲ. ವಿಝರ್ಡ್ ನಿಧಾನಕ್ಕೆ "ಅದು ನಂದು" ಅಂದ.

ಹದಿನೇಳು. ಮಂತ್ರ ತಗುಲಲಿಲ್ಲ. ಆ ಯುದ್ಧ ಗೆಲ್ಲಲು ಇಡೀ ರಾತ್ರಿ ಬೇಕಾಯಿತು. ಕ್ಲೆರಿಕ್, ನಮ್ಮ ಪೂಜಾರಿ ಪಾತ್ರ, ಎರಡು ಸಲ ನೆಲಕ್ಕೆ ಬಿದ್ದ. ಕೊನೆಗೆ ನಾಯಕನನ್ನು ಕೆಡವಿದವಳು ಎಂಟನೇ ಕ್ಲೋಕ್ ಹೊದ್ದಿದ್ದ ಫೈಟರ್. ಪ್ಲಸ್ ಒನ್ ಎಂದರೆ ಎಷ್ಟು ದೊಡ್ಡದು ಅನ್ನುವುದು ನಮ್ಮ ಟೇಬಲ್‌ಗೆ ಅವತ್ತು ಗೊತ್ತಾಯಿತು. ಅದಾದ ಮೇಲೆ ವಿಝರ್ಡ್ ಯಾವ ವಸ್ತುವನ್ನೂ ಹೆಸರು ಕೇಳದೆ ಮಾರಲಿಲ್ಲ. ಅಂಥ ನಿಯಮ ನಾನೇನೂ ಮಾಡಿರಲಿಲ್ಲ.

ಮಾರುವಾಗ ಅರ್ಧ ಬೆಲೆ ಯಾಕೆ ಅನ್ನುವ ತಕರಾರು ಮಾತ್ರ ಸುಮಾರು ದಿನ ಇತ್ತು. ಅದಕ್ಕೆ ನಾನು ಚಿನ್ನದ ಅಂಗಡಿಯ ಉದಾಹರಣೆ ಕೊಟ್ಟೆ. ಬಳೆ ಕೊಳ್ಳುವಾಗ ಮಜೂರಿ, ವೇಸ್ಟೇಜ್ ಎಲ್ಲ ಸೇರಿಸಿ ಕೊಡುತ್ತೀವಿ. ಅದೇ ಬಳೆಯನ್ನು ಮಾರಲು ಹೋದರೆ ಮಜೂರಿ ಲೆಕ್ಕಕ್ಕೇ ಬರುವುದಿಲ್ಲ, ಮೇಲಿಂದ ಕಳೆಯುವುದು ಬೇರೆ. ಅಂಗಡಿಯವನಿಗೆ ಅದು ಮಾರಾಟವಾಗುವವರೆಗೆ ಕಪಾಟಿನಲ್ಲಿ ಕೂತ ದುಡ್ಡು. ಮನೆಯಲ್ಲಿ ಒಡವೆ ಮಾರಿದ್ದನ್ನು ನೋಡಿದ್ದ ಕ್ಲೆರಿಕ್ ಗೆಳೆಯ ತಕ್ಷಣ ತಲೆ ಆಡಿಸಿದ. ಅಂಗಡಿಗೆ ಕೊಟ್ಟರೆ ಅರ್ಧ, ಈಗಲೇ ಹಣ. ಗಿರಾಕಿಯನ್ನು ತಾವೇ ಹುಡುಕಿದರೆ ಪೂರ್ತಿ ಬೆಲೆ, ಆದರೆ ದಿನಗಳು ಹೋಗುತ್ತವೆ. ಈಗಲೂ ನಮ್ಮಲ್ಲಿ ಇದೇ ಪದ್ಧತಿ.

ದಿನಗಳ ಲೆಕ್ಕವೇ ನಾನು ತಂದ ಎರಡನೇ ಬದಲಾವಣೆ. ಫೈಟರ್ ಗೆಳತಿಯ ಪ್ರಶ್ನೆ ನನ್ನ ತಲೆಯಿಂದ ಹೋಗಿರಲಿಲ್ಲ. ಈಗ ಎರಡು ಸಾಹಸಗಳ ನಡುವೆ ಎಲ್ಲರಿಗೂ ಒಂದೇ ಸಮ ಹತ್ತು ಬಿಡುವಿನ ದಿನ. ರೂಲ್ಡ್ ಲಾಂಗ್ ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದು ಕಾಲಂ. ವಿಝರ್ಡ್ ಕಾಲಂನಲ್ಲಿ ಕ್ಲೋಕ್ ಇದ್ದರೆ ಫೈಟರ್ ಕಾಲಂನಲ್ಲಿ ಕಾವಲಿನ ಹುಡುಗರಿಗೆ ಕತ್ತಿ ಕಲಿಸುವುದು ಇರುತ್ತದೆ. ಹತ್ತು ದಿನ ಕಲಿಸಿದರೆ ಮುಂದಿನ ಸಾಹಸಕ್ಕೆ ಇಬ್ಬರು ಅವಳ ಜೊತೆ ಬರುತ್ತಾರೆ. ರೋಗ್ ಸುದ್ದಿ ಕಲೆಹಾಕುತ್ತಾನೆ. ಕೆಲಸ ಇಲ್ಲದ ಕಾಲಂ ಬಿಡುವುದಿಲ್ಲ. ಆಟಗಾರರಿಗೆ ಏನೂ ತೋಚದಿದ್ದರೆ ನಾನೇ ಮೂರು ದಾರಿ ಮುಂದಿಡುತ್ತೇನೆ.

ಈ ತಲೆನೋವು ನಮ್ಮೊಬ್ಬರದೇ ಅಲ್ಲ. ಆಟ ಮಾಡಿದವರೂ ಇದರ ಜೊತೆ ಗುದ್ದಾಡಿದ್ದಾರೆ. ಪಾತ್‌ಫೈಂಡರ್‌ಗೆ ಮೂಲವಾದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಟದ ಮೂರನೇ ಆವೃತ್ತಿಯಲ್ಲಿ, ಅಂದರೆ 2000ದಲ್ಲಿ, ವಸ್ತು ತಯಾರಿಸುವವರು ಬೆಲೆಯ ಇಪ್ಪತ್ತೈದನೇ ಒಂದು ಭಾಗದಷ್ಟು ಎಕ್ಸ್‌ಪೀರಿಯೆನ್ಸ್ ಪಾಯಿಂಟ್ (ಲೆವೆಲ್ ಏರಲು ಬೇಕಾದ ಅನುಭವದ ಅಂಕ) ಕಳೆದುಕೊಳ್ಳಬೇಕಿತ್ತು. ಸಾವಿರದ ಕ್ಲೋಕಿಗೆ 40 ಪಾಯಿಂಟ್. 2008ರ ನಾಲ್ಕನೇ ಆವೃತ್ತಿಯಲ್ಲಿ ಮಾರಿದರೆ ಸಿಗುವುದು ಐದನೇ ಒಂದು ಭಾಗ ಮಾತ್ರ. ಪಾತ್‌ಫೈಂಡರ್ ಆ ಪಾಯಿಂಟಿನ ದಂಡವನ್ನು ತೆಗೆದುಹಾಕಿತು. ಅದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಕೈಕೆಲಸ ಮಾಡಿದವನು ಕಲಿತದ್ದನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕೆಲಸ ಮಾಡಿದಷ್ಟೂ ಕಲಿಯುವುದು ಜಾಸ್ತಿ ಅಲ್ವಾ?

ಆಮೇಲೆ ನಾವು ಡಿ ಅಂಡ್ ಡಿ ಐದನೇ ಆವೃತ್ತಿಗೆ ಬಂದೆವು. ಅಲ್ಲಿ ಸಮಸ್ಯೆ ತಿರುಗಿ ನಿಂತಿತು. 2014ರ ಡಂಜನ್ ಮಾಸ್ಟರ್ಸ್ ಗೈಡ್, ಅಂದರೆ ಜಿಎಂಗಳ ಕೈಪಿಡಿಯ ಪ್ರಕಾರ ದಿನಕ್ಕೆ 25 ನಾಣ್ಯದಷ್ಟು ಕೆಲಸ ಸಾಗುತ್ತದೆ. ರೇರ್ (ಅಪರೂಪದ) ವಸ್ತುವಿಗೆ 5,000 ನಾಣ್ಯ, ಅಂದರೆ 200 ದಿನ. ಲೆಜೆಂಡರಿ (ಅತಿ ಅಪರೂಪದ) ವಸ್ತುವಿಗೆ 5,00,000, ಅಂದರೆ 20,000 ದಿನ, ಐವತ್ತನಾಲ್ಕು ವರ್ಷದ ಮೇಲೆ. ನಾಲ್ಕು ಜನ ಸೇರಿ ಮಾಡಿದರೂ ಹದಿಮೂರು ವರ್ಷ ದಾಟುತ್ತದೆ. ಬಾಗಿಲು ಮುಚ್ಚಿದ್ದೀವಿ ಅಂತ ಹೇಳದೆ ಮುಚ್ಚಿದ ಹಾಗೆ. ಆಟಗಾರರು ಆ ಪುಟ ಓದಿ ಆಸೆಯನ್ನೇ ಬಿಟ್ಟರು.

2017ರಲ್ಲಿ ಬಂದ ಝನಾಥರ್ಸ್ ಗೈಡ್ ಪುಸ್ತಕ ಇದನ್ನು ಸರಿ ಮಾಡಿತು. ರೇರ್ ವಸ್ತುವಿಗೆ ಹತ್ತು ಕೆಲಸದ ವಾರ, 2,000 ನಾಣ್ಯ, ಜೊತೆಗೆ ಹಣಕ್ಕೆ ಸಿಗದ ಒಂದು ಸಾಮಗ್ರಿ. ಆ ಸಾಮಗ್ರಿ ತರಲು ಚಾಲೆಂಜ್ ರೇಟಿಂಗ್ (ಎದುರಾಳಿಯ ಬಲದ ಅಳತೆ) 9ರಿಂದ 12ರ ಒಂದು ಜೀವಿಯನ್ನು ಎದುರಿಸಬೇಕು. ನನಗೆ ತುಂಬಾ ಇಷ್ಟವಾದ ನಿಯಮ ಇದು. ದಿನ, ಹಣ ಎರಡೂ ಪುಸ್ತಕದ ಲೆಕ್ಕ. ಸಾಮಗ್ರಿ ಮಾತ್ರ ಕಥೆ.

ಫೈಟರ್ ಆಡಿದ್ದ ಅದೇ ಗೆಳತಿ ಈ ಸಲ ಪ್ಯಾಲಡಿನ್, ವ್ರತ ಹಿಡಿದ ಯೋಧೆ. ಫ್ಲೇಮ್ ಟಂಗ್ ಕತ್ತಿ ಬೇಕು ಅಂದಳು, ಉರಿಯುವ ಕತ್ತಿ. ಸಾಮಗ್ರಿ ಏನಿರಬೇಕು ಅಂತ ನಾನು ಅವಳನ್ನೇ ಕೇಳಿದೆ. ಸ್ವಲ್ಪ ಯೋಚಿಸಿ "ಆರದ ಬೆಂಕಿ" ಅಂದಳು. ಅದು ಯಾರ ಹತ್ತಿರ ಇರುತ್ತದೆ? ಎಫ್ರೀಟಿ ಅನ್ನುವ ಬೆಂಕಿಯ ಭೂತದ ಹತ್ತಿರ. ಚಾಲೆಂಜ್ ರೇಟಿಂಗ್ 11, ಲೆಕ್ಕ ಕೂಡಿಬಂತು. ಅವರು ಕೊಲ್ಲಲು ಹೋಗುತ್ತಾರೆ ಅಂತ ನಾನು ಯುದ್ಧದ ನಕ್ಷೆ ಬರೆದುಕೊಂಡಿದ್ದೆ. ಅವರು ಮಾತಿಗೆ ಕೂತರು. ಕಳೆದುಹೋದ ಒಂದು ಹಿತ್ತಾಳೆ ದೀಪ ತಂದುಕೊಟ್ಟರೆ ಒಂದು ಕಿಡಿ ಕೊಡುತ್ತೇನೆ ಅಂತ ಎಫ್ರೀಟಿ ಒಪ್ಪಿತು. ಮೂರು ಶನಿವಾರ ಅದರಲ್ಲೇ ಹೋಯಿತು. ಕಿಡಿಯನ್ನು ಮಣ್ಣಿನ ಕುಡಿಕೆಯಲ್ಲಿಟ್ಟು, ದಾರಿಯುದ್ದಕ್ಕೂ ಎಣ್ಣೆ ಹನಿಸುತ್ತಾ ತಂದರು. ಯಾವ ರಾತ್ರಿ ಯಾರು ಕುಡಿಕೆ ಕಾಯಬೇಕು ಅಂತ ಅವರೇ ಪಟ್ಟಿ ಮಾಡಿಕೊಂಡರು. ಆ ಕತ್ತಿಯನ್ನು ಮಾರುವ ಮಾತು ನಮ್ಮ ಟೇಬಲ್‌ನಲ್ಲಿ ಒಂದು ದಿನವೂ ಬಂದಿಲ್ಲ.

2024ರ ಹೊಸ ಡಂಜನ್ ಮಾಸ್ಟರ್ಸ್ ಗೈಡ್ ಪುಸ್ತಕದಲ್ಲಿ ರೇರ್ ವಸ್ತುವಿಗೆ 50 ದಿನ, ಅದೇ 2,000 ನಾಣ್ಯ. ನಾನು ಆ ದಿನಗಳನ್ನು ತಗೊಂಡೆ, ಸಾಮಗ್ರಿಯ ಪದ್ಧತಿಯನ್ನೂ ಉಳಿಸಿಕೊಂಡೆ.

ಗಾಯ ವಾಸಿ ಮಾಡುವ ಹೀಲಿಂಗ್ ಪೋಷನ್‌ಗೆ, ಮಂತ್ರ ಬರೆದ ಸಣ್ಣ ಸ್ಕ್ರೋಲ್‌ಗಳಿಗೆ ಯಾವ ಅಡ್ಡಿಯನ್ನೂ ಇಟ್ಟಿಲ್ಲ. ಒಂದು ದಿನ, 25 ನಾಣ್ಯ, ಒಂದು ಪೋಷನ್. ಎಷ್ಟು ಬೇಕಾದರೂ ಮಾಡಿಕೊಳ್ಳಲಿ. ಕುಡಿದರೆ ಖಾಲಿ, ಓದಿದರೆ ಖಾಲಿ. ಕೂಡಿಟ್ಟು ಬೆಟ್ಟವಾಗುವ ವಸ್ತುಗಳಲ್ಲ. ಊರ ಸೂಲಗಿತ್ತಿಗೆ ನಾಲ್ಕು ಪೋಷನ್ ಸುಮ್ನೆ ಕೊಟ್ಟುಬಂದ ಆಟಗಾರರೂ ನಮ್ಮಲ್ಲಿದ್ದಾರೆ. ಹಾಗೇ, ಮೂರು ವಸ್ತುಗಳಿಗಷ್ಟೇ ಅಟ್ಯೂನ್ ಆಗಬಹುದು (ವಸ್ತುವಿನ ಶಕ್ತಿಯ ಜೊತೆ ಬೆಸೆದುಕೊಳ್ಳಬಹುದು) ಅನ್ನುವ ಐದನೇ ಆವೃತ್ತಿಯ ನಿಯಮವನ್ನು ಒಂದು ಸಲವೂ ಸಡಿಲಿಸಿಲ್ಲ. ನಾಲ್ಕನೆಯದು ಬೇಕಾದರೆ ಒಂದನ್ನು ಬಿಡಬೇಕು. ಬಿಟ್ಟದ್ದು ಸಾಮಾನ್ಯವಾಗಿ ಜೊತೆಯವರ ಕೈಗೆ ಹೋಗುತ್ತದೆ.

ಮಾಂತ್ರಿಕ ವಸ್ತುಗಳ ಅಂಗಡಿಯೇ ಇರಬಾರದು ಅನ್ನುವ ಜಿಎಂಗಳು ನನಗೆ ಗೊತ್ತು. ಅವರ ಟೇಬಲ್‌ಗಳಲ್ಲಿ ಆಡಿದ್ದೇನೆ, ಸೊಗಸಾಗಿ ನಡೆಸುತ್ತಾರೆ. ಆದರೆ ತಯಾರಿಸುವ ಆಸೆಯಿಂದಲೇ ಪಾತ್ರ ಕಟ್ಟಿಕೊಂಡು ಬರುವ ಆಟಗಾರ ಒಬ್ಬ ಇದ್ದೇ ಇರುತ್ತಾನೆ. ಅವನಿಗೆ ಮೊದಲ ದಿನವೇ, ಪಾತ್ರದ ಹಾಳೆ ತುಂಬುವ ಮುಂಚೆಯೇ, ಎಷ್ಟು ದಿನ, ಯಾವ ಸಾಮಗ್ರಿ, ಊರಲ್ಲಿ ಎಷ್ಟು ಗಿರಾಕಿ ಅಂತ ಹೇಳಿಬಿಡುತ್ತೇನೆ. ಒಪ್ಪಿಗೆಯಾದರೆ ಆ ಪಾತ್ರ, ಇಲ್ಲದಿದ್ದರೆ ಇನ್ನೊಂದು. ಫೀಟ್ ತಗೊಂಡ ಮೇಲೆ ಬಾಗಿಲು ಹಾಕುವ ಕೆಲಸವನ್ನು ನಾನು ಮತ್ತೆ ಮಾಡುವುದಿಲ್ಲ.

ಈಗಿನ ಕ್ಯಾಂಪೇನ್‌ನಲ್ಲಿ ಆ ವಿಝರ್ಡ್ ಗೆಳೆಯ ಆರ್ಟಿಫಿಸರ್ (ಮಾಂತ್ರಿಕ ವಸ್ತು ತಯಾರಿಸುವ ಪಾತ್ರ) ಆಡುತ್ತಿದ್ದಾನೆ. ಬಂದರು ಊರು, ಜನ ಜಾಸ್ತಿ, ಗಿರಾಕಿಗಳ ಪಟ್ಟಿ ಹನ್ನೆರಡಕ್ಕೆ ಬೆಳೆದಿದೆ. ಲಾಂಗ್ ಬುಕ್ಕಿನ ಅವನ ಕಾಲಂ ಪಕ್ಕದಲ್ಲಿ ಅವನೇ ಇನ್ನೊಂದು ಗೆರೆ ಎಳೆದುಕೊಂಡಿದ್ದಾನೆ. ಕೊಂಡವರ ಹೆಸರು, ಯಾಕೆ ಬೇಕು ಅಂದರು, ಈಗ ಎಲ್ಲಿದ್ದಾರೆ. ಹನ್ನೊಂದು ಸಾಲು ತುಂಬಿವೆ. ಹನ್ನೆರಡನೆಯ ಗಿರಾಕಿ ಮುಂಗಡ ಕೊಟ್ಟಿದ್ದಾನೆ, ಹೆಸರು ಹೇಳಿಲ್ಲ. ಈ ಶನಿವಾರ ಮೊದಲು ಅವನ ಮನೆ ಹುಡುಕೋಣ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದಾರೆ.