ಅಪ್ಪಯ್ಯನ ಕೋವಿ ನನ್ನ ಹೆಸರಿಗೆ ಬಂದ ಹದಿನಾಲ್ಕು ತಿಂಗಳು

ಅಪ್ಪಯ್ಯ ತೀರಿಕೊಂಡದ್ದು 2021ರ ಆಷಾಢದಲ್ಲಿ. ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಸಂಜೆ ಅಮ್ಮ ನಡುಮನೆಯ ಗೋಡೆ ನೋಡುತ್ತಾ, “ಇವನ್ನ ಎಂತ ಮಾಡ್ತೀಯಾ?” ಅಂದಳು. ಗೋಡೆಯ ಮೇಲೆ ಎರಡು ಕೋವಿ. ಒಂದು ಬರ್ಮಿಂಗ್‌ಹ್ಯಾಮಿನ ಗ್ರೀನರ್ ಕಂಪನಿಯ ಜೋಡುನಳಿಗೆ, ಹನ್ನೆರಡು ಬೋರಿನದು. ಇನ್ನೊಂದು ಅದಕ್ಕೂ ಹಳೆಯದು, ಬಾಯಿಂದ ಮದ್ದು, ಚರೆ ತುಂಬಿ ಜಡಿಯುವ ಕೇಪಿನ ಕೋವಿ. ಎರಡೂ ಅಜ್ಜನಿಂದ 1974ರಲ್ಲಿ ಅಪ್ಪಯ್ಯನ ಹೆಸರಿಗೆ ಬಂದವು.

ನಮ್ಮ ಆಗುಂಬೆ ಬದಿಯಲ್ಲಿ ಕೋವಿಯನ್ನು ಮನೆಯ ಆಸ್ತಿ ಅಂತಲೇ ಎಣಿಸುತ್ತೇವೆ. ತೋಟ, ಗದ್ದೆ, ಕೊಟ್ಟಿಗೆಯ ಹಾಗೆ ಅದೂ ಮಗನಿಗೆ ತಾನಾಗಿ ಬರುತ್ತದೆ ಅನ್ನುವ ನಂಬಿಕೆ. ಕಾನೂನು ಹಾಗೆ ನೋಡುವುದಿಲ್ಲ. ಲೈಸೆನ್ಸ್ ಇರುವುದು ಮನುಷ್ಯನಿಗೆ, ಮನೆಗಲ್ಲ. ಅಪ್ಪಯ್ಯನ ಉಸಿರು ನಿಂತ ಮೇಲೆ ಆ ಕೋವಿ ಇಟ್ಟುಕೊಳ್ಳುವ ಹಕ್ಕು ಮನೆಯಲ್ಲಿ ಯಾರಿಗೂ ಇರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಅದನ್ನು ಜಮಾ ಮಾಡಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಕೋವಿಗೆ ಎರಡರಿಂದ ಐದು ವರ್ಷ ಜೈಲು. ಸೂತಕದ ಮನೆ ಅಂತ ಯಾರೂ ರಿಯಾಯಿತಿ ಕೊಡುವುದಿಲ್ಲ. ಮರುದಿನವೇ ಠಾಣೆಗೆ ಫೋನ್ ಮಾಡಿ ತಿಳಿಸಿ, ಎರಡನ್ನೂ ಗೋಣಿಯಲ್ಲಿ ಸುತ್ತಿಕೊಂಡು, ಅಪ್ಪಯ್ಯನ ಲೈಸೆನ್ಸ್ ಪುಸ್ತಕದ ಜೊತೆ ಹೋಗಿ ಒಪ್ಪಿಸಿ ಬಂದೆ.

ಜಮಾ ರಸೀದಿಯ ವಿಷಯ ಒತ್ತಿ ಹೇಳಬೇಕು. “ಜೋಡುನಳಿಗೆ ಕೋವಿ - 1” ಅಂತಷ್ಟೇ ಬರೆಸಿಕೊಂಡು ಬರಬೇಡಿ. ಕಂಪನಿ, ಬೋರು, ನಂಬರು, ಮರದ ಹಿಡಿಯಲ್ಲಿ ಬಿರುಕು ಇದೆಯೋ ಇಲ್ಲವೋ ಎಲ್ಲ ಬರೆಸಿ. ನಾನು ಬರೆಸಿದ್ದೆ. ಅದೇ ಮುಂದೆ ನನ್ನನ್ನು ಕಾಪಾಡಿತು.

ಟೆಕ್ಸಾಸ್‌ನಲ್ಲಿರುವ ತಂಗಿಯ ಮಗ ಸುದ್ದಿ ಕೇಳಿ, “ಮಾವ, ನೂರು ವರ್ಷದ ಹಿಂದಿನದಲ್ವಾ? ಆಂಟಿಕ್‌ಗೆ ಲೈಸೆನ್ಸ್ ಯಾಕೆ?” ಅಂದ. ಅವನಿರುವ ದೇಶದಲ್ಲಿ ಅದು ನಿಜ. ಅಲ್ಲಿನ ಕೇಂದ್ರ ಕಾನೂನು 1898ರವರೆಗೆ ತಯಾರಾದ ಕೋವಿಗಳನ್ನು ಹಳೆಯ ವಸ್ತು ಅಂತಲೇ ಬಿಟ್ಟುಬಿಡುತ್ತದೆ. ಮೆಷಿನ್ ಗನ್ ಕೂಡ 1986ರ ಮೇ 19ಕ್ಕೆ ಮೊದಲು ಸರ್ಕಾರದ ದಾಖಲೆಗೆ ಸೇರಿದ್ದರೆ, ರಾಜ್ಯದ ಕಾನೂನು ಒಪ್ಪಿದರೆ, ಅರ್ಜಿ ಹಾಕಿ 200 ಡಾಲರ್ ತೆರಿಗೆ ಕಟ್ಟಿ ಕೊಳ್ಳಬಹುದಂತೆ. ವಾರಸುದಾರರಿಗಾದರೆ ಆ ತೆರಿಗೆಯೂ ಇಲ್ಲ. ನಮ್ಮಲ್ಲಿ ಕೋವಿಯ ಕುದುರೆ, ಅಂದರೆ ಟ್ರಿಗರ್, ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುವ ಆಯುಧ ನಿಷೇಧಿತ ಪಟ್ಟಿಯಲ್ಲಿದೆ. ಸಂಗ್ರಹದ ಆಸೆಗೆ ಇಲ್ಲಿ ಜಾಗವಿಲ್ಲ. ಇಟ್ಟುಕೊಂಡರೆ ಏಳರಿಂದ ಹದಿನಾಲ್ಕು ವರ್ಷ. ಯಾರದಾದರೂ ಅಟ್ಟದಲ್ಲಿ ಮಹಾಯುದ್ಧದ ಕಾಲದ ಅಂಥದ್ದೇನಾದರೂ ಸಿಕ್ಕರೆ ಜೀಪಿನಲ್ಲಿ ಹಾಕಿಕೊಂಡು ಹೊರಡಬೇಡಿ. ಸಿಕ್ಕಲ್ಲೇ ಬಿಟ್ಟು ಪೊಲೀಸರನ್ನು ಅಲ್ಲಿಗೇ ಕರೆಯಿರಿ.

ಹಾಗಾದರೆ ಹಳೆಯದಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲವೇ? ಇದೆ, 45ನೇ ಕಲಮಿನಲ್ಲಿ. ಆದರೆ ಅದರ ಅಳತೆ ವಯಸ್ಸಲ್ಲ. ರಿಪೇರಿ ಮಾಡಿದರೂ, ಮಾಡದಿದ್ದರೂ ಈಡು ಹೊಡೆಯಲಾರದ ಸ್ಥಿತಿಯಲ್ಲಿರಬೇಕು. ಅಜ್ಜನ ಕೇಪಿನ ಕೋವಿಗೆ ಈ ವಿನಾಯಿತಿ ಸಿಗುತ್ತದೆ, ಗೋಡೆಗೆ ಅಲಂಕಾರಕ್ಕೆ ಇಟ್ಟುಕೊಳ್ಳಬಹುದು ಎಂದುಕೊಂಡಿದ್ದೆ. ಕೇಪು ಕೂರಿಸುವ ಮೊಳೆಯೇ ತುಕ್ಕು ತಿಂದು ಮುರಿದುಹೋಗಿತ್ತು. ಪರೀಕ್ಷಿಸಿದ ಪೊಲೀಸ್ ಆರ್ಮರರ್, ಅಂದರೆ ಇಲಾಖೆಯ ಕೋವಿ ರಿಪೇರಿಯವರು, ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, “ಗೌಡ್ರೇ, ಒಂದು ಹೊಸ ಮೊಳೆ ಹಾಕಿದ್ರೆ ಇದು ನಾಳೆನೇ ಈಡು ಹೊಡೀತದೆ” ಅಂದರು. ಆ ಒಂದು ಮಾತಿಗೆ ಅದಕ್ಕೂ ಲೈಸೆನ್ಸ್ ಬೇಕಾಯಿತು. ಅವರು ಹೇಳಿದ್ದು ಸರಿಯೇ ಇತ್ತು.

ಎರಡನ್ನೂ ನನ್ನ ಹೆಸರಿಗೆ ಮಾಡಿಸಲು ಲೈಸೆನ್ಸ್ ಕೊಡುವ ಕಚೇರಿಗೆ ಅರ್ಜಿ ಹಾಕಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮ ಮತ್ತು ಇಬ್ಬರು ತಂಗಿಯರ ಒಪ್ಪಿಗೆಯ ಅಫಿಡವಿಟ್, ಬೆಳೆ ರಕ್ಷಣೆಗೆ ಅಂತ ತೋರಿಸಲು ಪಹಣಿ, ದೈಹಿಕ ಮಾನಸಿಕ ಆರೋಗ್ಯದ ವೈದ್ಯರ ಪತ್ರ. ಕೋವಿಗಳು ಎರಡೇ ಇದ್ದದ್ದು ಪುಣ್ಯ. ಮೊದಲು ಒಬ್ಬರಿಗೆ ಮೂರು ಇಟ್ಟುಕೊಳ್ಳಬಹುದಿತ್ತು, 2019ರ ಡಿಸೆಂಬರಿನಿಂದ ಎರಡೇ. ಪಿತ್ರಾರ್ಜಿತ ಅಂದರೂ ಎರಡರ ಮಿತಿ ದಾಟುವಂತಿಲ್ಲ.

ನಾನು ಎಣಿಸದೇ ಇದ್ದದ್ದು ಅರಣ್ಯ ಇಲಾಖೆ. ನಮ್ಮ ಮನೆಯಿಂದ ಸೋಮೇಶ್ವರ ಅಭಯಾರಣ್ಯಕ್ಕೆ ಹತ್ತು ಕಿಲೋಮೀಟರೂ ಇಲ್ಲ. ವನ್ಯಜೀವಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಆ ಹತ್ತು ಕಿಲೋಮೀಟರಿನೊಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲು ಬೇಕು. ಕಡತ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು. ಕಾಡಿನ ಅಂಚಿನಲ್ಲಿರುವವರು ಈ ಒಪ್ಪಿಗೆಯ ವಿಷಯವನ್ನು ಅರ್ಜಿ ಕೊಟ್ಟ ದಿನವೇ ಕೇಳಿ ಶುರುಮಾಡಿಸಿಕೊಳ್ಳಿ.

ಆಮೇಲೆ ಬಂದದ್ದು ನಂಬರಿನ ತಕರಾರು. ಗ್ರೀನರ್ ಕೋವಿಯ ನಂಬರು ಪುಸ್ತಕದಲ್ಲಿ 41297, ಠಾಣೆಯ ರಸೀದಿಯಲ್ಲಿ 41267. “ಇದು ನಿಮ್ಮ ತಂದೆಯ ಕೋವಿನೇ ಅಲ್ಲ” ಅಂದರು ಕಚೇರಿಯಲ್ಲಿ. ಕೈಕಾಲು ತಣ್ಣಗಾಯಿತು. ಬೇರೆಯವರ ಕೋವಿ ಇಟ್ಟುಕೊಂಡಿದ್ದ ಅಂತ ತೀರಿಹೋದ ಮನುಷ್ಯನ ಮೇಲೆ ಆರೋಪ ಬಂದರೆ ಉತ್ತರ ಕೊಡುವವರು ಯಾರು? ಠಾಣೆಯಲ್ಲಿ ಅನುಮತಿ ಕೇಳಿ, ಅವರ ಎದುರೇ ಕೋವಿಯ ಮುಂದಿನ ಮರ ಬಿಚ್ಚಿ, ನಳಿಗೆ ಕಳಚಿದೆವು. ನಳಿಗೆಯ ಬುಡದ ಚಪ್ಪಟೆ ಜಾಗದಲ್ಲಿ ಸವೆದ ಅಂಕಿಗಳು. ಸೀಮೆಸುಣ್ಣ ಉಜ್ಜಿ ಬಟ್ಟೆಯಿಂದ ಮೇಲ್ಮೇಲೆ ಒರೆಸಿದಾಗ ಗೀರಿನೊಳಗೆ ಉಳಿದ ಬಿಳುಪಿನಲ್ಲಿ 41267 ಸ್ಪಷ್ಟವಾಗಿ ಎದ್ದುಬಂತು. ರಸೀದಿ ಸರಿ, ಪುಸ್ತಕ ತಪ್ಪು.

ತಪ್ಪು ಎಲ್ಲಿ ನುಸುಳಿತು ಅಂತ ಗೊತ್ತಾದದ್ದು ಮನೆಯ ಕಬ್ಬಿಣದ ಟ್ರಂಕಿನಲ್ಲಿ. ಕಂದಾಯದ ರಸೀದಿಗಳ ಅಡಿಯಲ್ಲಿ 1974ರ ಮೊದಲ ಪುಸ್ತಕ ಇತ್ತು. ಅದರಲ್ಲಿ ಗುಮಾಸ್ತರು ಕನ್ನಡದ ಅಂಕಿಯಲ್ಲಿ ದುಂಡಗೆ ೪೧೨೬೭ ಎಂದು ಬರೆದಿದ್ದರು. ಮುಂದೆ ಪುಸ್ತಕ ಬದಲಾದಾಗ ಯಾರೋ ೬ನ್ನು ೯ ಎಂದು ಓದಿ ಇಂಗ್ಲಿಷ್ ಅಂಕಿಗೆ ಇಳಿಸಿದ್ದಾರೆ. ಆ ತಪ್ಪೇ ಪ್ರತಿ ನವೀಕರಣದಲ್ಲೂ ಮುಂದುವರಿದು, ಕಂಪ್ಯೂಟರಿಗೂ ಸೇರಿ, ಲೈಸೆನ್ಸುದಾರರಿಗೆ ಕೊಡುವ ಯುಐಎನ್ ಎಂಬ ಗುರುತಿನ ಸಂಖ್ಯೆಯ ಜೊತೆಗೆ ಗಟ್ಟಿಯಾಗಿ ಕೂತಿತ್ತು. ಹಳೆಯ ಪುಸ್ತಕ ನೋಡಿದ ಮೇಲೆ ಕಚೇರಿಯವರು ಮರುಮಾತಾಡದೆ ತಿದ್ದಿಕೊಟ್ಟರು. ಗೆದ್ದಲು ಹಿಡಿದದ್ದಾದರೂ ಸರಿ, ಹಳೇ ಪುಸ್ತಕವನ್ನು ಯಾರೂ ಎಸೆಯಬೇಡಿ.

ಸೋಮವಾರಪೇಟೆಯ ಸ್ನೇಹಿತರೊಬ್ಬರು ಇದನ್ನೆಲ್ಲ ಕೇಳಿ ಮರುಗಿದರು. ಅವರದು ಜಮ್ಮಾ ಹಿಡುವಳಿ, ಕೊಡಗಿನಲ್ಲಿ ವಂಶದಿಂದ ವಂಶಕ್ಕೆ ಬರುವ ಭೂಮಿ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ. ಅದು ಕೊಡಗಿನ ಮಾತು. ಆಗುಂಬೆ ಬದಿಯ ನಾವು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಮಾರುವ ಯೋಚನೆಯೂ ನಡುವೆ ಬಂದಿತ್ತು. ಬೇಸತ್ತು ಹೋಗಿದ್ದೆ. ಆದರೆ ಮಾರಬೇಕಾದರೂ ಮೊದಲು ಕೋವಿ ನನ್ನ ಹೆಸರಿನಲ್ಲಿರಬೇಕಿತ್ತು. ಕೊಳ್ಳುವವನಿಗೂ ಲೈಸೆನ್ಸ್ ಇರಬೇಕು. ಅವನ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ತಿಳಿಸಿ, 45 ದಿನ ಕಳೆದ ಮೇಲಷ್ಟೇ ಕೈ ಬದಲಾಗಬೇಕು. ಅಮ್ಮ ಒಪ್ಪಲೂ ಇಲ್ಲ.

2022ರ ಅಕ್ಟೋಬರಿನಲ್ಲಿ ಕೋವಿ ಮನೆಗೆ ಬಂತು. ನಳಿಗೆಯ ಮೇಲೆ ಕಬ್ಬಿಣ ಉಕ್ಕಿನ ಪಟ್ಟಿ ಹೆಣೆದು ಬಡಿದ ಅಲೆಅಲೆ ಚಿತ್ತಾರವಿದೆ, ನೀರ ಮೇಲೆ ಎಣ್ಣೆ ಹರಡಿದ ಹಾಗೆ. ಎರಡು ಆಗುಂಬೆ ಮಳೆಗಾಲ ಠಾಣೆಯ ಮಾಲು ಇಡುವ ಕೋಣೆಯಲ್ಲಿ ಕಳೆದ ಅದರ ಮೇಲೆ ಕೆಂಪು ತುಕ್ಕು ಕೂತಿತ್ತು. ಒರೆಸುವಾಗ ಅಳು ಬಂತು. ನಡುವೆ ಠಾಣೆಗೆ ಹೋಗಿ ಎಣ್ಣೆ ಹಚ್ಚಿ ಬರುತ್ತೇನೆ ಅಂತ ಕೇಳುವುದು ನನಗೆ ಹೊಳೆಯಲೇ ಇಲ್ಲ. ಆರು ತಿಂಗಳೂ ತುಂಬಿರಲಿಲ್ಲ, ವಿಧಾನಸಭೆ ಚುನಾವಣೆ ಅಂತ ಮತ್ತೆ ಜಮಾ ಮಾಡಬೇಕಾಯಿತು. ಆ ಸಲ ಚೆನ್ನಾಗಿ ಎಣ್ಣೆ ಸವರಿ, ಹತ್ತಿ ಬಟ್ಟೆ ಸುತ್ತಿ ಕೊಟ್ಟೆ.

ಇಷ್ಟೆಲ್ಲ ಆದ ಮೇಲೆ ನನ್ನ ಮನಸ್ಸಿಗೆ ನಾಟಿದ್ದು 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ. ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದರೆ, ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ತಾವು ಹೆಸರಿಸಿದ ವಾರಸುದಾರರಿಗೆ ಅದನ್ನು ಮಾಡಿಸಿಕೊಡಬಹುದು. ಆ ನಿಯಮ ಬಂದಾಗ ಅಪ್ಪಯ್ಯನಿಗೆ ಎಪ್ಪತ್ತಮೂರು, ಕೋವಿ ಅವರ ಕೈಸೇರಿ ನಲವತ್ತೆರಡು ವರ್ಷ. ಅವರೇ ಕಚೇರಿಯಲ್ಲಿ ಕೂತು, ಇದು ನನ್ನ ಅಪ್ಪನ ಕೋವಿ, ನಂಬರು ಇದು ಅಂತ ಹೇಳಬಹುದಿತ್ತು. ನಮಗೆ ತಿಳಿದಿರಲಿಲ್ಲ, ಯಾರೂ ಹೇಳಲಿಲ್ಲ. ನಿಮ್ಮ ಮನೆಯ ಹಿರಿಯರ ಕೈ ಇನ್ನೂ ರುಜು ಹಾಕುವಂತಿದ್ದರೆ ಈ ಹಿಂಗಾರಿಗೆ ಮೊದಲೇ ಅರ್ಜಿ ಕೊಡಿಸಿ.

ನನ್ನ ಮಗಳಿಗೆ ಈಗ ಹತ್ತೊಂಬತ್ತು. ಲೈಸೆನ್ಸಿಗೆ ಇಪ್ಪತ್ತೊಂದು ತುಂಬಬೇಕು. ಕಳೆದ ವಾರ ಅವಳನ್ನು ಕೂರಿಸಿಕೊಂಡು ಮುಂದಿನ ಮರ ಬಿಚ್ಚುವುದು ತೋರಿಸಿಕೊಟ್ಟೆ. ನಂಬರನ್ನು ಅವಳೇ ಸೀಮೆಸುಣ್ಣ ಉಜ್ಜಿ ಓದಿದಳು.